ಪೆಡಲ್ ತುಳಿದವಳ ಸಾಕ್ಷಿ

ತಮಿಳು ಸೀಮೆಯ ಸಿರುಮುಗೈಯಲ್ಲಿ, ಮನೆಯೊಳಗೆ ಕನ್ನಡ ಆಡುವ ನೇಕಾರರ ಬೀದಿಯಲ್ಲಿ ಹುಟ್ಟಿದ ಚಿನ್ನತಾಯಿ ಹತ್ತು ವರ್ಷಕ್ಕೇ ಅಪ್ಪನ ಕುಳಿಮಗ್ಗಕ್ಕೆ ಇಳಿದಳು. ಮನೆಯೊಳಗೆ ನೆಲ ಅಗೆದು ಮಾಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ಕೈ ಲಾಳಿ ಓಡಿಸಿದರೆ ಕಾಲು ಕೆಳಗಿನ ಎರಡು ಹಲಗೆಗಳನ್ನು ಒಂದಾದ ಮೇಲೊಂದರಂತೆ ತುಳಿಯಬೇಕು. ಕಣ್ಣು ನೂಲಿನ ಮೇಲೆಯೇ ಇರುವುದರಿಂದ ಕಾಲಿನ ಕೆಲಸವನ್ನು ಕಾಲೇ ನೋಡಿಕೊಳ್ಳಬೇಕು. ಹಲಗೆಯ ಹಗ್ಗ ಒಂದೆಳೆ ಸಡಿಲವಾದರೂ ಅವಳ ಅಂಗಾಲಿಗೆ ತಿಳಿದುಬಿಡುತ್ತಿತ್ತು. ಅಪ್ಪ ಬಗ್ಗಿ ನೋಡಿದರೆ ಅವಳು ಹೇಳಿದ ಕಡೆಯೇ ಹಗ್ಗ ಸವೆದಿರುತ್ತಿತ್ತು.

ಹತ್ತೊಂಬತ್ತುನೂರ ನಲವತ್ತೇಳರಲ್ಲಿ ಅವಳನ್ನು ಮಾರಪ್ಪನ್‌ಗೆ ಕೊಟ್ಟರು. ಮಾರಪ್ಪನ್‌ನ ಮನೆಯವರೂ ಕನ್ನಡದವರೇ. ವೆಳ್ಳಕೋಯಿಲ್ ಕಡೆ ಹೊಲ ಮಾಡಿಕೊಂಡಿದ್ದವರು. ಅವನು ಮಾತ್ರ ಯುದ್ಧದ ಕಾಲದಲ್ಲಿ ಪಟ್ಟಾಳಕ್ಕೆ, ಅಂದರೆ ಸೈನ್ಯಕ್ಕೆ ಸೇರಿ, ಇಂಫಾಲದ ಕಡೆಯ ವರ್ಕ್‌ಶಾಪಿನಲ್ಲಿ ಜೀಪುಗಳ ಹೊಟ್ಟೆ ಬಿಚ್ಚುವುದನ್ನು ಕಲಿತು, ಒಂದು ಮರದ ಪೆಟ್ಟಿಗೆಯ ತುಂಬ ಸ್ಪ್ಯಾನರು ಹೊತ್ತು ಊರಿಗೆ ಬಂದಿದ್ದ. ಮೇಟ್ಟುಪಾಳಯಂನಿಂದ ಕೋತಗಿರಿ ಬೆಟ್ಟಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ತೆಂಗಿನ ಗರಿಯ ಶೆಡ್ಡು ಹಾಕಿದ. ಶೆಡ್ಡಿನ ಹಿಂದೆಯೇ ಒಂದು ಕೋಣೆಯ ಮನೆ. ಜಾಗ ರಾಮಸಾಮಿ ಎಂಬವರದು. ಬೆಟ್ಟದ ಮೇಲೆ ಆಲೂಗೆಡ್ಡೆ ಎಸ್ಟೇಟು, ಕೆಳಗೆ ಮಂಡಿ ಎರಡೂ ಇದ್ದ ಅವರನ್ನು ಎಲ್ಲರೂ ಮುದಲಾಳಿ ಎಂದೇ ಕರೆಯುತ್ತಿದ್ದರು. ತಮಿಳಿನಲ್ಲಿ ಯಜಮಾನರಿಗೆ ಹಾಗೆನ್ನುತ್ತಾರೆ.

ಮುದಲಾಳಿಯ ಹತ್ತಿರ ಒಂದು ಜೀಪಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ. ನಾಲ್ಕು ಚಕ್ರವೂ ಎಳೆಯುವ ಜೀಪು ಅದು. ಲಾರಿ ಹೂತುಹೋಗುವ ಎಸ್ಟೇಟಿನ ಕೆಸರುದಾರಿಯಲ್ಲಿ ಹಿಂದೆ ಟ್ರೇಲರು ಕಟ್ಟಿಕೊಂಡು ಆಲೂಗೆಡ್ಡೆ ಮೂಟೆ ಇಳಿಸಲು ಅದೊಂದೇ ಗತಿ. ಮಾರಪ್ಪನ್‌ನ ಶೆಡ್ಡು ಉಳಿದಿದ್ದದ್ದೂ ಆ ಜೀಪು ಓಡುತ್ತಿದ್ದದ್ದರಿಂದಲೇ.

ಜೀಪಿನ ಬ್ರೇಕು ಎಣ್ಣೆಯ ಬಲದ ಮೇಲೆ ನಡೆಯುವಂಥದು. ಕಾಲಡಿಯ ಪೆಡಲನ್ನು ತುಳಿದರೆ ಅದರ ಕೆಳಗಿನ ಮಾಸ್ಟರ್ ಸಿಲಿಂಡರ್ ಎಂಬ ಸಣ್ಣ ಕುಡಿಕೆ ಎಣ್ಣೆಯನ್ನು ನಾಲ್ಕು ಚಕ್ರಗಳಿಗೂ ತಳ್ಳುತ್ತದೆ. ಆ ಒತ್ತಡಕ್ಕೆ ಚಕ್ರ ನಿಲ್ಲುತ್ತದೆ. ರಿಪೇರಿಗೆಂದು ಬಿಚ್ಚಿದಾಗಲೆಲ್ಲ ಕೊಳವೆಯೊಳಗೆ ಗಾಳಿ ಸೇರಿಕೊಳ್ಳುತ್ತದೆ. ಅದನ್ನು ಹೊರಗೆ ಬಿಡದಿದ್ದರೆ ಬ್ರೇಕು ಹಿಡಿಯುವುದಿಲ್ಲ. ಗಾಳಿ ಬಿಡಲು ಇಬ್ಬರು ಬೇಕು: ಒಬ್ಬ ಕೆಳಗೆ ಮಲಗಿ ಚಕ್ರದ ಹಿಂದಿನ ತಿರುಪನ್ನು ಸಡಿಲಿಸಿ, ಬರುವ ಎಣ್ಣೆಯನ್ನು ಬಾಟ್ಲಿಗೆ ಬಿಡಬೇಕು, ಇನ್ನೊಬ್ಬ ಮೇಲೆ ಕೂತು ಪೆಡಲ್ ತುಳಿಯಬೇಕು.

ಒಂದು ದಿನ ಕೂಲಿಯಾಳು ಬರಲಿಲ್ಲವೆಂದು ಮಾರಪ್ಪನ್ ಹೆಂಡತಿಯನ್ನು ಕೂಗಿದ. ಅವಳು ಒಲೆ ಮುಂದಿನಿಂದ ಎದ್ದು, ಕೈಯೊರಸಿಕೊಂಡು, ಸೀರೆಯ ನೆರಿಗೆ ಸಿಕ್ಕಿಸಿ ಜೀಪು ಹತ್ತಿದಳು. ಪೆಡಲಿಗೆ ಕಾಲು ಎಟುಕಲಿ ಎಂದು ಅವನು ಬೆನ್ನ ಹಿಂದೆ ಗೋಣಿ ಮಡಿಸಿಟ್ಟ. "ಮಿದಿ," ಎಂದು ಅವನು ಕೆಳಗಿನಿಂದ ಹೇಳಿದರೆ ತುಳಿಯಬೇಕು. ಅವರ ಮನೆಯ ಕನ್ನಡದಲ್ಲಿ ತುಳಿ ಎನ್ನುವುದಕ್ಕೆ ತಮಿಳಿನ ಮಿದಿಯೇ ಬಂದು ಕೂತಿತ್ತು. "ಹಿಡ್ಕೋ" ಎಂದರೆ ಅದುಮಿ ಹಿಡಿಯಬೇಕು. "ಬಿಡು" ಎಂದರೆ ಬಿಡಬೇಕು. ಮೂರನೆಯ ಚಕ್ರಕ್ಕೆ ಬಂದಾಗ ಅವಳು ಮೇಲಿನಿಂದ ಹೇಳಿದಳು:

"ಇದ್ರಲ್ಲಿ ಇನ್ನೂ ಗಾಳಿ ಅದೆ."

"ಬಾಟ್ಲಿನಲ್ಲಿ ಗುಳ್ಳೆ ಬರ್ತಾ ಇಲ್ಲ. ಮುಗೀತು."

"ಕಾಲಿಗೆ ಗೊತ್ತಾಗ್ತದೆ. ಮೆತ್ತಗದೆ."

ಮಾರಪ್ಪನ್ ಗೊಣಗುತ್ತಲೇ ಮತ್ತೆ ತಿರುಪು ಸಡಿಲಿಸಿದ. ಸಾಸಿವೆಯಂಥ ನಾಲ್ಕು ಗುಳ್ಳೆ ಮೇಲೆ ಬಂದವು. ಅಂದಿನಿಂದ ಆ ಶೆಡ್ಡಿಗೆ ಬಂದ ಗಾಡಿಗಳ ಪೆಡಲನ್ನು ಬೇರೆಯವರು ತುಳಿಯಲಿಲ್ಲ. ನೀರಿಗೆ ಹೋಗುವ ಹೆಂಗಸರು ಡ್ರೈವರಮ್ಮ ಎಂದು ನಗುತ್ತಿದ್ದರು. ಮಾರಪ್ಪನ್ ಮಾತ್ರ ಬಂದವರಿಗೆಲ್ಲ, "ನಮ್ಮವಳ ಕಾಲು ಪೊಯ್ ಹೇಳಲ್ಲ," ಎನ್ನುತ್ತಿದ್ದ. ಪೊಯ್ ಎಂದರೆ ಸುಳ್ಳು. ಹುಟ್ಟಿದ ಒಂದು ಮಗು ಮೂರು ತಿಂಗಳಿಗೇ ತೀರಿಕೊಂಡ ಮೇಲೆ ಮತ್ತೆ ಮಕ್ಕಳಾಗಿರಲಿಲ್ಲ. ಆ ದಿನಗಳಲ್ಲಿ ಚಿನ್ನತಾಯಿಗೆ ಗಂಡ ಕೆಳಗಿನಿಂದ ಹೇಳುವ ಮಿದಿ, ಹಿಡ್ಕೋ, ಬಿಡು ಎಂಬ ಮೂರು ಮಾತಿನಲ್ಲಿ ಏನೋ ಒಂದು ಸುಖವಿತ್ತು.

ಮುದಲಾಳಿಯ ಜೀಪು ಓಡಿಸುತ್ತಿದ್ದವನು ಮಯಿಲ್‌ಸಾಮಿ. ಮನೆಯಲ್ಲಿ ಕನ್ನಡ ಆಡುವ ಒಕ್ಕಲು ಮಕ್ಕಳಲ್ಲೊಬ್ಬ, ಮೂವತ್ತರೊಳಗಿನವನು. ಬೆಟ್ಟದಿಂದ ಇಳಿದಾಗ ಚಿನ್ನತಾಯಿಯ ಕೈಯ ರಾಗಿ ಕಳಿ ಉಂಡು ಹೋಗುತ್ತಿದ್ದ. ರಿಪೇರಿ ಮುಗಿದ ಮೇಲೆ ಅವನು ಮಾರಪ್ಪನ್‌ನನ್ನು ಕೇಳುತ್ತಿರಲಿಲ್ಲ. "ಅಕ್ಕಾ, ಪೆಡಲ್ ಹೇಗದೆ?" ಎಂದು ಅವಳನ್ನೇ ಕೇಳುತ್ತಿದ್ದ. ಅವಳು ಸರಿಯಾಗಿದೆ ಎಂದರೆ ಬೀಗದ ಕೈ ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಐವತ್ತೈದರ ಸೆಪ್ಟೆಂಬರಿನಲ್ಲಿ ಒಂದು ಮಂಗಳವಾರ ಮಯಿಲ್‌ಸಾಮಿ ಜೀಪನ್ನು ಮೊದಲ ಗೇರಿನಲ್ಲೇ ಇಳಿಸಿಕೊಂಡು ಬಂದ. ಪೆಡಲನ್ನು ನಾಲ್ಕು ಸಲ ತುಳಿದರೆ ಒಂದು ಸಲ ಹಿಡಿಯುತ್ತದೆ ಎಂದ. ಹಿಂದಿನ ಬಲಚಕ್ರದ ಒಳಮೈ ಒದ್ದೆಯಾಗಿತ್ತು. ಮಾರಪ್ಪನ್ ಬೆರಳಲ್ಲಿ ಮುಟ್ಟಿ, ಮೂಸಿ, ಮುಖ ಸಿಂಡರಿಸಿದ.

"ಇದು ಬ್ರೇಕ್ ಆಯಿಲ್ ಅಲ್ಲ. ಎಂಜಿನ್ ಆಯಿಲ್. ಯಾವ ದಡ್ಡ ಮಡೆಯ ಸುರಿದದ್ದು?"

ಮಯಿಲ್‌ಸಾಮಿಗೆ ಗೊತ್ತಿರಲಿಲ್ಲ. ಅವನು ರಜೆಯಲ್ಲಿದ್ದಾಗ ಕುಡಿಕೆಯಲ್ಲಿ ಎಣ್ಣೆ ತಗ್ಗಿತ್ತೆಂದು ಎಸ್ಟೇಟಿನ ಮೇಸ್ತ್ರಿ ಕೈಗೆ ಸಿಕ್ಕಿದ್ದನ್ನು ಸುರಿದಿದ್ದ. ಬ್ರೇಕಿನ ಎಣ್ಣೆಗೆ ಹರಳೆಣ್ಣೆಯೇ ಮೂಲ. ಅದಕ್ಕೆ ಒಳಗಿನ ರಬ್ಬರ್ ಕಪ್ಪುಗಳು, ಎಂದರೆ ಎಣ್ಣೆ ಜಾರದಂತೆ ತಡೆಯುವ ಸಣ್ಣ ಬಟ್ಟಲುಗಳು, ಒಗ್ಗಿರುತ್ತವೆ. ಎಂಜಿನ್ ಎಣ್ಣೆ ಬಿದ್ದರೆ ಅದೇ ರಬ್ಬರು ನೆನೆದ ಹಪ್ಪಳದಂತೆ ಊದಿ ಮೆತ್ತಗಾಗುತ್ತದೆ. ಚಕ್ರ ಬಿಚ್ಚಿ ನೋಡಿದರೆ ಕಪ್ಪಿನ ಅಂಚು ಹರಿದು, ಅಲ್ಲಿಂದ ಎಣ್ಣೆ ಇಳಿಯುತ್ತಿತ್ತು. ಚಕ್ರಕ್ಕೆ ಎರಡರಂತೆ ಎಂಟು ಕಪ್ಪು, ಮಾಸ್ಟರ್ ಸಿಲಿಂಡರಿನೊಳಗಿನವು ಬೇರೆ, ಎಲ್ಲವನ್ನೂ ಬದಲಾಯಿಸಬೇಕು. ಮಾರಪ್ಪನ್‌ನ ಪೆಟ್ಟಿಗೆಯಲ್ಲಿದ್ದದ್ದು ಎರಡು. ಉಳಿದದ್ದು ಮದರಾಸಿನಿಂದ ಬರಲು ಹತ್ತು ದಿನ.

ಇದನ್ನು ಅವನೇ ಹೋಗಿ ಮುದಲಾಳಿಗೆ ಹೇಳಿದ. ಆ ಮಟ್ಟಿಗೆ ಅವನದು ತಪ್ಪಿಲ್ಲ.

ಮುದಲಾಳಿ ಮಂಡಿಯ ಮುಂದೆ ಕೂತಿದ್ದರು. ಮೇಲೆ ಎಸ್ಟೇಟಿನಲ್ಲಿ ಕಿತ್ತ ಆಲೂಗೆಡ್ಡೆ ರಾಶಿ ಬಿದ್ದಿತ್ತು, ದಿನಾ ಮಳೆ.

"ಹತ್ತು ದಿನ ಬಿಟ್ಟರೆ ಅಲ್ಲಿ ಗೆಡ್ಡೆ ಇರಲ್ಲ, ಗೊಬ್ಬರ ಇರುತ್ತೆ," ಎಂದು ಅವರು ತಮಿಳಿನಲ್ಲಿ ಹೇಳಿದರು. "ಯುದ್ಧದಲ್ಲಿ ಬಾಳೆನಾರು ಕಟ್ಟಿ ಜೀಪು ಓಡಿಸಿದೆ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತೀಯಲ್ಲ, ಈಗ ಎರಡು ರಬ್ಬರಿಗೆ ಅಳುತ್ತೀಯಾ? ಗುರುವಾರ ಬೆಳಿಗ್ಗೆ ಗಾಡಿ ಬೆಟ್ಟ ಹತ್ತಬೇಕು." ಎದ್ದು ಒಳಗೆ ಹೋಗುತ್ತ, ಹಿಂತಿರುಗದೆಯೇ ಇನ್ನೊಂದು ಮಾತು ಸೇರಿಸಿದರು: "ನಿನ್ನ ಶೆಡ್ಡು ಇರುವ ಜಾಗದಲ್ಲಿ ಮಂಡಿ ಕಟ್ಟಬೇಕು ಅಂತ ನನ್ನ ಮೈದುನ ಕೇಳುತ್ತಾನೇ ಇದ್ದಾನೆ."

ಬುಧವಾರ ಇಡೀ ದಿನ ಮಾರಪ್ಪನ್ ದುಡಿದ. ಸೋರುತ್ತಿದ್ದ ಚಕ್ರಕ್ಕೆ ಇದ್ದ ಎರಡು ಕಪ್ಪು ಹಾಕಿದ. ಉಳಿದ ಊದಿದ ಕಪ್ಪುಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಒರೆಸಿ, ಇದ್ದಲ್ಲೇ ಕೂರಿಸಿದ. ಕೊಳವೆಗಳನ್ನು ತೊಳೆದ. ಅರ್ಧ ಡಬ್ಬಿ ಬ್ರೇಕ್ ಆಯಿಲ್ ಸಾಲದೆ, ಪಟ್ಟಾಳದಲ್ಲಿ ಮಾಡುತ್ತಿದ್ದಂತೆ ಹರಳೆಣ್ಣೆಗೆ ಸ್ಪಿರಿಟ್ಟು ಬೆರೆಸಿ ತುಂಬಿದ. ಮಧ್ಯಾಹ್ನ ಚಿನ್ನತಾಯಿ ಮೇಲೆ ಹತ್ತಿ ಕೂತಳು. ನಾಲ್ಕು ಚಕ್ರದ ಗಾಳಿಯೂ ಹೋಯಿತು. ಪೆಡಲು ಕಲ್ಲಿನಂತೆ ನಿಂತಿತು. ಮಾರಪ್ಪನ್ ಕೆಳಗಿನಿಂದ ಹೊರಗೆ ಬಂದು ಬೀಡಿ ಹಚ್ಚಿದ.

ಅವಳು ಇಳಿಯಲಿಲ್ಲ. ಕಾಲನ್ನು ಪೆಡಲಿನ ಮೇಲೇ ಇಟ್ಟುಕೊಂಡು ಕೂತಿದ್ದಳು.

"ಇಲ್ಲಿ ಬನ್ನಿ. ಇಳೀತಾ ಅದೆ."

"ಏನು ಇಳೀತಾ ಅದೆ?"

"ಕಾಲು. ತುಳಿದಾಗ ಗಟ್ಟಿ. ಹಂಗೇ ಹಿಡ್ಕೊಂಡ್ರೆ ಮೆಲ್ಲಗೆ ಕೆಳಗೆ ಹೋಯ್ತದೆ. ಬಿಸಿಯಾದ ಬೆಲ್ಲದ ಮೇಲೆ ಕಾಲಿಟ್ಟಂಗೆ."

ಮಾರಪ್ಪನ್ ಬೀಡಿ ಎಸೆದು ನಾಲ್ಕು ಚಕ್ರವನ್ನೂ ಸುತ್ತಿ ನೋಡಿದ. ಎಲ್ಲೂ ಒಂದು ಹನಿ ಇಲ್ಲ, ಎಲ್ಲಾ ಒಣಗಿತ್ತು. ಅವಳ ಕಾಲ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ಹೊರಗೆ ಸೋರದೆ ಪೆಡಲು ಇಳಿಯುತ್ತಿದೆ ಎಂದರೆ ಅದಕ್ಕೆ ಒಂದೇ ಅರ್ಥ: ಮಾಸ್ಟರ್ ಸಿಲಿಂಡರಿನೊಳಗಿನ ಊದಿದ ಕಪ್ಪನ್ನು ದಾಟಿ ಎಣ್ಣೆ ಒಳಗೊಳಗೇ ಹಿಂದಕ್ಕೆ ಜಾರುತ್ತಿದೆ. ಅದಕ್ಕೆ ಅವನಲ್ಲಿ ಕಪ್ಪಿರಲಿಲ್ಲ. ಮೇಟ್ಟುಪಾಳಯಂನಲ್ಲಿ ಯಾರಲ್ಲೂ ಇರಲಿಲ್ಲ.

"ಎರಡು ಸಲ ಮಿದಿಚ್ಚರೆ ಹಿಡೀತದೆ," ಎಂದ.

"ಹಂಗಂತ ಮಯಿಲ್‌ಸಾಮಿಗೆ ಹೇಳಿ."

"ಹೇಳಿದ್ರೆ ಅವನು ವಂಡಿ ತೆಗೆಯಲ್ಲ. ಅವನು ತೆಗೀಲಿಲ್ಲಾಂದ್ರೆ ನಾಡಿದ್ದು ನಮ್ಮ ಶೆಡ್ಡು ಇರಲ್ಲ."

"ಬೆಟ್ಟದ ದಾರಿ."

"ನಂಗೊತ್ತಿಲ್ವಾ ಬೆಟ್ಟದ ದಾರಿ?" ಅವನ ದನಿ ಏರಿತು. ಆಮೇಲೆ ತಗ್ಗಿಸಿ, "ಮದರಾಸಿಗೆ ಕಾಗದ ಹಾಕಿದ್ದೀನಿ. ಹತ್ತೇ ದಿನ, ತಾಯೀ. ಅಷ್ಟರವರೆಗೆ ಓಡ್ತದೆ," ಎಂದ.

ಸಂಜೆ ಮಯಿಲ್‌ಸಾಮಿ ಬಂದ. ಎಂದಿನಂತೆ ಅವಳ ಕಡೆ ತಿರುಗಿದ.

"ಅಕ್ಕಾ, ಪೆಡಲ್ ಹೇಗದೆ?"

ಅವಳು ಗಂಡನನ್ನು ನೋಡಿದಳು. ಅವನು ಆಗಲೇ ಒರೆಸಿಟ್ಟಿದ್ದ ಸ್ಪ್ಯಾನರನ್ನು ಮತ್ತೆ ಒರೆಸುತ್ತಿದ್ದ.

"ಸೆರಿಯಾಗೇ ಅದೆ," ಎಂದಳು. ಸ್ವಲ್ಪ ತಡೆದು, "ಮೆಲ್ಲ ಹೋಗು, ಮಯಿಲ್‌ಸಾಮಿ," ಎಂದಳು.

"ಅಷ್ಟು ಮೂಟೆ ಹೊತ್ಕೊಂಡು ಬಿರ್ರಂತ ಎಲ್ಲಿಗೆ ಹೋಗ್ಲಿ ಅಕ್ಕಾ?" ಅವನು ನಕ್ಕು, ಪೆಡಲನ್ನು ಒಂದು ಸಲ ಜೋರಾಗಿ ಒತ್ತಿ ನೋಡಿ, ಗಟ್ಟಿಯಾಗಿದೆ ಎಂದು ತಲೆಯಾಡಿಸಿ, ಜೀಪು ತೆಗೆದುಕೊಂಡು ಹೋದ.

ಗುರುವಾರ ಜೀಪು ಹತ್ತಿತು, ಇಳಿಯಿತು. ಶುಕ್ರವಾರವೂ ಹತ್ತಿತು, ಇಳಿಯಿತು. ಶೆಡ್ಡಿನ ಮುಂದೆ ಹೋಗುವಾಗ ಮಯಿಲ್‌ಸಾಮಿ "ಬತ್ತೀನಕ್ಕಾ" ಎಂದು ಕೂಗುತ್ತಿದ್ದ. ಅವಳು ಕೈ ಎತ್ತುತ್ತಿದ್ದಳು. ಕಾಲಿಗೆ ಹಾಗೆ ಅನ್ನಿಸಿದ್ದು ಸುಳ್ಳಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ರಸ್ತೆಗೆ ಇಳಿದು ಗಾಡಿ ನಿಲ್ಲಿಸಿ ಒಂದು ಮಾತು ಹೇಳಲು ಅವಳಿಗೆ ಎರಡು ದಿನ ಸಮಯವಿತ್ತು.

ಶನಿವಾರ ಮಧ್ಯಾಹ್ನ, ಮಳೆ ನಿಂತ ಸ್ವಲ್ಪ ಹೊತ್ತಿಗೆ, ಕೆಳಗಿನಿಂದ ನಾಲ್ಕನೆಯ ತಿರುವಿನಲ್ಲಿ ಪೆಡಲು ನೆಲಕ್ಕೆ ಹೋಯಿತು. ಮಯಿಲ್‌ಸಾಮಿ ಮತ್ತೆ ತುಳಿದ, ಮತ್ತೆ ಹೋಯಿತು. ಹಿಂದೆ ಟ್ರೇಲರಿನಲ್ಲಿ ಹದಿನಾರು ಮೂಟೆ ದೂಕುತ್ತಿತ್ತು. ಹ್ಯಾಂಡ್ ಬ್ರೇಕು ಎಳೆದ, ಆ ಭಾರಕ್ಕೆ ಅದು ಸಾಲಲಿಲ್ಲ. ಎಡಗಡೆ ಪ್ರಪಾತ. ಅವನು ಜೀಪನ್ನು ಬಲಕ್ಕೆ ತಿರುಗಿಸಿ ಬೆಟ್ಟದ ಬಂಡೆಗೆ ಗುದ್ದಿದ. ಜೀಪು ನಿಂತಿತು, ಟ್ರೇಲರು ನಿಲ್ಲಲಿಲ್ಲ. ಬಾಲದಂತೆ ಸುತ್ತಿ ರಸ್ತೆಯ ಅಂಚಿಗೆ ಬೀಸಿತು. ಅಲ್ಲಿ ಮೂವರು ಹೆಂಗಸರು ಕಾಡಿನಿಂದ ತಂದ ಸೌದೆ ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದರು. ಇಬ್ಬರು ಗಾಯದಲ್ಲಿ ಉಳಿದರು. ಕುಪ್ಪಮ್ಮ ಎಂಬವಳು ಅಲ್ಲೇ ಸತ್ತಳು. ಮಯಿಲ್‌ಸಾಮಿಯ ಎಡಗಾಲು ಮೊಣಕಾಲಿನ ಕೆಳಗೆ ನುಜ್ಜಾಗಿತ್ತು.

ಗಾಡಿ ಪರೀಕ್ಷೆ ಮಾಡಿದ ಇನ್ಸ್‌ಪೆಕ್ಟರು, ಗುದ್ದಿದ ಏಟಿಗೆ ಕೊಳವೆಗಳು ಹರಿದು ಎಣ್ಣೆಯೆಲ್ಲ ಹೋಗಿರುವುದರಿಂದ ಬ್ರೇಕು ಮೊದಲು ಹೇಗಿತ್ತೆಂದು ಹೇಳಲಾಗದು ಎಂದು ಬರೆದರು. ಹಾಗಾಗಿ ಶೆಡ್ಡಿನಿಂದ ಹೊರಟಾಗ ಬ್ರೇಕು ಹೇಗಿತ್ತು ಎಂಬುದೇ ಕೇಸಿನ ತಿರುಳಾಯಿತು. ಮುದಲಾಳಿಯ ವಕೀಲರು ಶೆಡ್ಡಿಗೇ ಬಂದರು. ಕೆಟ್ಟ ಗಾಡಿ ಓಡಿಸಿದ್ದಾರೆ ಎಂದಾದರೆ ಮುದಲಾಳಿಗೆ ತೊಂದರೆ, ಕೆಟ್ಟದ್ದನ್ನು ಸರಿಯಾಗಿದೆ ಎಂದು ಕೊಟ್ಟಿದ್ದಾನೆ ಎಂದಾದರೆ ಮಾರಪ್ಪನ್‌ಗೆ ಜೈಲು. ಡ್ರೈವರು ವೇಗವಾಗಿ ಓಡಿಸಿದ ಎಂದಾದರೆ ಇಬ್ಬರಿಗೂ ಏನೂ ಇಲ್ಲ. "ನಿನ್ನ ಹೆಂಡತಿಯ ಕಾಲು ಸುಳ್ಳು ಹೇಳಲ್ಲ ಅಂತ ಊರಿಗೇ ಗೊತ್ತಂತೆ. ಅವಳೂ ಬಂದು ಹೇಳಲಿ," ಎಂದು ವಕೀಲರು ಎದ್ದರು.

ಅವರು ಹೋದ ಮೇಲೆ ಚಿನ್ನತಾಯಿ ಕೇಳಿದಳು: "ನಿಜ ಹೇಳಿದ್ರೆ?"

"ನಿಜ ಹೇಳಿದ್ರೆ ಒಳಗೆ ಹೋಗೋದು ನಾನು."

"ಈಗ ಮಯಿಲ್‌ಸಾಮಿ ಹೋಯ್ತಾನಲ್ಲ."

"ಅವನಿಗೆ ಬರೀ ಜುಲ್ಮಾನೆ ಹಾಕ್ತಾರೆ, ಮುದಲಾಳಿ ಕಟ್ಟಿಬಿಡ್ತಾರೆ ಅಂತ ವಕೀಲರೇ ಹೇಳಿದ್ರು. ನೀನು ಎರಡು ಮಾತು ಹೇಳಿ ಇಳಿದು ಬಾ. ಸಾಕು."

ಅವಳು ಅದನ್ನು ನಂಬಿದಳೋ, ನಂಬಿದರೆ ಒಳ್ಳೆಯದು ಎಂದುಕೊಂಡಳೋ, ಆಮೇಲೆ ಅವಳಿಗೇ ನೆನಪಾಗಲಿಲ್ಲ.

ಕೊಯಮತ್ತೂರಿನ ಕೋರ್ಟಿಗೆ ಅವಳು ಮದುವೆಯ ಸೀರೆ ಉಟ್ಟು ಹೋದಳು. ಒಳ್ಳೆಯದೆಂದು ಇದ್ದದ್ದು ಅದೊಂದೇ. ಮಾರಪ್ಪನ್ ಮೊದಲೇ ಸಾಕ್ಷಿ ಹೇಳಿ ಮುಗಿಸಿ ಗೋಡೆಯ ಪಕ್ಕ ಕೂತಿದ್ದ. ಎದುರಿಗೆ ಕಟಕಟೆಯಲ್ಲಿ ಮಯಿಲ್‌ಸಾಮಿ ಕಂಕುಳಿಗೆ ಕೋಲು ಕೊಟ್ಟುಕೊಂಡು ನಿಂತಿದ್ದ. ಅವನ ಹೆಂಡತಿ ತಂಗಮ್ಮ ಬಾಗಿಲ ಹೊರಗೆ ಕೂತಿದ್ದಳು. ಮ್ಯಾಜಿಸ್ಟ್ರೇಟರು ತಂಜಾವೂರಿನ ಕಡೆಯವರು. ಕೇಳಿದ್ದೂ ಹೇಳಿದ್ದೂ ಎಲ್ಲಾ ತಮಿಳಿನಲ್ಲಿ.

"ಬ್ರೇಕಿನ ಪೆಡಲು ತುಳಿದು ನೋಡಿದವಳು ನೀನೇನಾ?"

"ಹೌದು."

"ಹೇಗಿತ್ತು?"

"ಗಟ್ಟಿಯಾಗಿತ್ತು."

ಅದು ಸುಳ್ಳಲ್ಲ. ಮೊದಲು ತುಳಿದಾಗ ಗಟ್ಟಿಯಾಗಿಯೇ ಇತ್ತು. ಅಷ್ಟಕ್ಕೇ ನಿಲ್ಲಿಸಬಹುದು ಎಂದು ಅವಳು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು.

"ಏನಾದರೂ ಕೊರತೆ ಇತ್ತಾ?" ಎಂದು ಕೇಳಿದರು.

"ಇಲ್ಲ."

ಮಯಿಲ್‌ಸಾಮಿಯ ಕಡೆಯ ಚಿಕ್ಕ ವಯಸ್ಸಿನ ವಕೀಲ ಎದ್ದು ನಿಂತ. "ಮೆಲ್ಲ ಹೋಗು ಅಂತ ಹೇಳಿದೆಯಂತೆ. ಬ್ರೇಕು ಸರಿಯಾಗಿದ್ದರೆ ಹಾಗೆ ಯಾಕೆ ಹೇಳಿದೆ?"

ಅವಳಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತಾನೇ ಹುಡುಕಿದಳು.

"ಬೆಟ್ಟಕ್ಕೆ ಹೋಗೋರಿಗೆಲ್ಲ ಹಂಗೇ ಹೇಳ್ತೀನಿ."

ಆಗ ಮಯಿಲ್‌ಸಾಮಿ ಕಟಕಟೆಯ ಮೇಲೆ ಬಾಗಿ ಕನ್ನಡದಲ್ಲಿ ಕೇಳಿದ: "ಅಕ್ಕಾ, ನಿಜವಾಗ್ಲೂ ಸೆರಿಯಾಗಿತ್ತಾ?" ಜಗಳದ ದನಿಯಲ್ಲ. ಬೈಗುಳವೂ ಅಲ್ಲ. ಗೊತ್ತಿಲ್ಲದವನು ಗೊತ್ತಿದ್ದವರನ್ನು ಕೇಳುವ ದನಿ.

ಮ್ಯಾಜಿಸ್ಟ್ರೇಟರು ತಲೆಯೆತ್ತಿ, ಏನು ಹೇಳುತ್ತಿದ್ದಾನೆ ಎಂದು ಸುತ್ತ ನೋಡಿದರು. ಗೋಡೆಯ ಪಕ್ಕದಿಂದ ಮಾರಪ್ಪನ್ ಎದ್ದು ಕೈಮುಗಿದು, "ಕುಡಿಯೋಕೆ ನೀರು ಕೇಳುತ್ತಿದ್ದಾನೆ, ಸಾಮಿ," ಎಂದ. ಜವಾನ ಲೋಟದಲ್ಲಿ ನೀರು ತಂದುಕೊಟ್ಟ. ಮಯಿಲ್‌ಸಾಮಿಗೆ ತಮಿಳು ಬಾರದೇನಲ್ಲ; ಇನ್ನೊಂದು ಸಲ ತಮಿಳಿನಲ್ಲಿ ಕೇಳಬಹುದಿತ್ತು. ಅವನು ಲೋಟವನ್ನು ನೋಡಿದ, ಅವಳನ್ನು ನೋಡಿದ, ಒಂದೇ ಉಸಿರಿಗೆ ನೀರು ಕುಡಿದು ಲೋಟ ಹಿಂದಕ್ಕೆ ಕೊಟ್ಟ. ಚಿನ್ನತಾಯಿಗೆ ಕೆಳಗಿಳಿಯಲು ಹೇಳಿದರು.

ಮಯಿಲ್‌ಸಾಮಿಗೆ ಜುಲ್ಮಾನೆಯಲ್ಲ, ಒಂದು ವರ್ಷ ಕಠಿಣ ಶಿಕ್ಷೆಯಾಯಿತು. ಲೈಸೆನ್ಸೂ ಹೋಯಿತು. ಹೆಂಗಸು ಸತ್ತದ್ದರಿಂದ ಹಾಗಾಯಿತು ಎಂದು ಮುದಲಾಳಿಯ ವಕೀಲರು ಕೈಬೀಸಿ ಕಾರು ಹತ್ತಿದರು. ವಾಪಸು ಬರುವಾಗ ಬಸ್ಸಿನಲ್ಲಿ ಮಾರಪ್ಪನ್ ಒಂದು ಮೊಳ ಮಲ್ಲಿಗೆ ಕೊಂಡು ಅವಳ ಮಡಿಲಿಗಿಟ್ಟು, "ಚೆನ್ನಾಗಿ ಹೇಳಿದೆ," ಎಂದ. ಕಾರಮಡೈ ದಾಟುವಷ್ಟರಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಹೂವು ಸೀಟಿನ ಕೆಳಗೆ ಬಿತ್ತು. ಇಬ್ಬರೂ ಎತ್ತಿಕೊಳ್ಳಲಿಲ್ಲ.

ಮುದಲಾಳಿ ಶೆಡ್ಡಿಗೆ ಹೆಂಚು ಹಾಕಿಸಿಕೊಟ್ಟರು. ತಮ್ಮ ಎರಡು ಲಾರಿಗಳನ್ನೂ ಅಲ್ಲಿಗೇ ಕಳಿಸಿದರು. ಮೊದಲ ಲಾರಿಯ ಬ್ರೇಕು ಬಿಚ್ಚಿ ಸೇರಿಸಿದ ದಿನ ಮಾರಪ್ಪನ್ ಎಂದಿನಂತೆ ಹೆಂಡತಿಯನ್ನು ಕರೆದ.

"ಬೇರೆ ಯಾರನ್ನಾದ್ರೂ ಕೂರಿಸ್ಕಳಿ," ಎಂದು ಅವಳು ಒಳಗಿನಿಂದಲೇ ಹೇಳಿದಳು.

ಅವನು ಬಂದು ಕೈಹಿಡಿದು ಎಳೆದುಕೊಂಡು ಹೋಗಿ ಹತ್ತಿಸಿದ. ಅವಳು ಕೂತಳು. ಮಿದಿ ಎಂದಾಗ ತುಳಿದಳು, ಬಿಡು ಎಂದಾಗ ಬಿಟ್ಟಳು. ಗಾಳಿ ಹೋಯ್ತಾ ಎಂದು ಅವನು ಕೆಳಗಿನಿಂದ ಕೇಳಿದ.

"ನನ್ನ ಕಾಲಿಗೆ ಏನೂ ಗೊತ್ತಾಗ್ತಾ ಇಲ್ಲ," ಎಂದಳು.

ಅದು ನಿಜವೋ ಹಟವೋ ಮಾರಪ್ಪನ್‌ಗೆ ತಿಳಿಯಲಿಲ್ಲ. ಮತ್ತೆ ಕರೆಯಲಿಲ್ಲ. ಅವಳು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಸಿರುಮುಗೈಗೆ ಹೋಗಿ ಅಣ್ಣನ ಮನೆಯ ಮಗ್ಗದಲ್ಲಿ ಕೂರತೊಡಗಿದಳು. ಹೊತ್ತು ಮುಳುಗುವ ಮೊದಲು ಬಂದು ಅಡುಗೆ ಮಾಡುತ್ತಿದ್ದಳು. ಗಂಡ ಹೆಂಡಿರ ನಡುವೆ ಅಕ್ಕಿ, ಉಪ್ಪು, ಸೌದೆಯ ಮಾತು ಬಿಟ್ಟರೆ ಬೇರೆ ಉಳಿಯಲಿಲ್ಲ.

ಒಮ್ಮೆ ಸಂತೆಯಲ್ಲಿ ತಂಗಮ್ಮ ಎದುರಾದಳು. ಚಿನ್ನತಾಯಿ ಪಕ್ಕಕ್ಕೆ ಸರಿದುಕೊಳ್ಳಲು ನೋಡಿದಳು. ತಂಗಮ್ಮನೇ ಬಂದು ಕೈ ಹಿಡಿದುಕೊಂಡಳು.

"ಜೈಲಿಗೆ ನೋಡೋಕೆ ಹೋಗಿದ್ದೆ ಅಕ್ಕಾ. ನಿಮ್ಮ ಮೇಲೆ ಅವರಿಗೆ ಕೋಪ ಇಲ್ಲ. ಅಕ್ಕ ಪೊಯ್ ಹೇಳೋರಲ್ಲ, ನಾನೇ ಸೆರಿಯಾಗಿ ಮಿದಿಚ್ಚಿಲ್ಲ ಅಂತಾರೆ. ಕೂತಲ್ಲಿ ನಿಂತಲ್ಲಿ ಅದೇ ಮಾತು."

ಚಿನ್ನತಾಯಿ ಕೈ ಬಿಡಿಸಿಕೊಂಡಳು. ಕೊಂಡಿದ್ದ ಬದನೆಕಾಯನ್ನೆಲ್ಲ ತಂಗಮ್ಮನ ಚೀಲಕ್ಕೆ ಸುರಿದು ಮನೆಗೆ ಬಂದಳು.

ಐವತ್ತೇಳರಲ್ಲಿ ಮಯಿಲ್‌ಸಾಮಿ ಹೊರಗೆ ಬಂದ. ಎಡಗಾಲು ಮಡಚುತ್ತಿರಲಿಲ್ಲ. ಮೇಟ್ಟುಪಾಳಯಂನ ಒಂದು ಆಲೂಗೆಡ್ಡೆ ಮಂಡಿಯಲ್ಲಿ ಮೂಟೆಯ ಬಾಯಿ ಹೊಲಿಯುವ ಕೆಲಸ ಸಿಕ್ಕಿತು. ಅವನು ಬಂದದ್ದು ಚಿನ್ನತಾಯಿಗೆ ಗೊತ್ತಾಗಿ, ಅವನೆದುರು ಹೋಗಿ ನಿಲ್ಲಲು ಮತ್ತೂ ಏಳು ತಿಂಗಳು ಹಿಡಿಯಿತು. ಒಂದು ಸೋಮವಾರ ಸಿರುಮುಗೈಯ ಬಸ್ಸು ಹತ್ತದೆ ನೇರವಾಗಿ ಮಂಡಿಗೆ ನಡೆದಳು. ಅವನು ಕಾಲು ಚಾಚಿಕೊಂಡು ಕೂತು ದಬ್ಬಣದಲ್ಲಿ ಗೋಣಿ ಹೊಲಿಯುತ್ತಿದ್ದ.

"ಬನ್ನಿ ಅಕ್ಕಾ," ಎಂದ. ಪಕ್ಕದ ಮೂಟೆಯ ಮೇಲಿನ ಧೂಳು ಕೊಡವಿ, "ಕೂತ್ಕಳಿ," ಎಂದ.

ಅವಳು ಕೂರಲಿಲ್ಲ. ನಿಂತೇ ಹೇಳಿದಳು. ಪೆಡಲು ಇಳಿಯುತ್ತಿತ್ತು. ನನ್ನ ಕಾಲಿಗೆ ಗೊತ್ತಾಗಿತ್ತು. ಅವರಿಗೂ ಗೊತ್ತಿತ್ತು. ನಿನಗೆ ಹೇಳಲಿಲ್ಲ. ಕೋರ್ಟಿನಲ್ಲೂ ಹೇಳಲಿಲ್ಲ.

ಮಯಿಲ್‌ಸಾಮಿಯ ಕೈ ನಿಂತಿತು. ಮೂಟೆ ಹೊರುವವರು ಇಬ್ಬರು ದಾಟಿ ಹೋದರು.

"ಶುಕ್ರವಾರವೇ ಒಂದು ತಿರುವಿನಲ್ಲಿ ಪೆಡಲು ಸ್ವಲ್ಪ ಇಳಿದಂಗಾಯ್ತು," ಎಂದ ಕೊನೆಗೆ. "ಅಕ್ಕ ಸೆರಿಯಾಗೇ ಅದೆ ಅಂದವ್ರಲ್ಲ, ನನಗೇ ಹಂಗನ್ನಿಸ್ತದೆ ಅಂದ್ಕೊಂಡೆ. ನನ್ನ ಕಾಲನ್ನ ನಂಬಲಿಲ್ಲ, ನಿಮ್ಮ ಮಾತು ನಂಬಿದೆ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಳಬೇಡಿ. ಇಲ್ಲಿ ಎಲ್ಲಾರೂ ನೋಡ್ತಾರೆ." ಅವನ ದನಿಯಲ್ಲಿ ಮೊದಲ ಬಾರಿಗೆ ಕಹಿ ಬಂದಿತ್ತು. "ಜೈಲಲ್ಲಿ ದಿನಾ ಆ ತಿರುವನ್ನ ಓಡಿಸ್ತಿದ್ದೆ. ಇನ್ನೊಂದು ಸಲ ಮಿದಿಚ್ಚಿದ್ರೆ ಆ ಹೆಂಗಸು ಬದುಕ್ತಿದ್ಲಾ, ಮೊದಲೇ ಗೇರು ಇಳಿಸಿದ್ರೆ ಬದುಕ್ತಿದ್ಲಾ ಅಂತ. ಹೊರಗೆ ಬಂದ ಮೇಲೆ ಮೊದಲು ಹೋದದ್ದು ಕುಪ್ಪಮ್ಮನ ತಾಯಿ ಹತ್ರ. ನಾನೇ ಕೊಂದೆ ಅಂತ ಕಾಲಿಗೆ ಬಿದ್ದೆ. ಮುಖದ ಮೇಲೆ ಉಗಿದ್ರು. ಉಗಿಸ್ಕೊಂಡು ಬಂದೆ."

"ಕೋರ್ಟಿಗೆ ಹೋಗಿ ನಿಜ ಹೇಳ್ತೀನಿ, ಮಯಿಲ್‌ಸಾಮಿ."

"ಹೇಳಿದ್ರೆ ನಿಮ್ಮನ್ನ ಒಳಗೆ ಹಾಕ್ತಾರೆ. ನನ್ನ ಕಾಲು ಮಡಚ್ತದಾ?" ಅವನು ದಬ್ಬಣ ಎತ್ತಿಕೊಂಡ. "ಹೇಳೋದಾದ್ರೆ ಆ ತಾಯಿಗೆ ಹೇಳಿ. ನನಗೆ ಕೆಲಸ ಅದೆ, ಹೋಗಿ." ಮತ್ತೆ ತಲೆ ಎತ್ತಲಿಲ್ಲ.

ಅವಳು ಅಂದೇ ಬೆಟ್ಟದ ಬುಡದ ಕೇರಿಗೆ ಹೋದಳು. ಕುಪ್ಪಮ್ಮನ ತಾಯಿ ಗುಡಿಸಲ ಮುಂದೆ ಸೌದೆ ಸೀಳುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಚಿನ್ನತಾಯಿ ತಮಿಳಿನಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಮುದುಕಿ ಕತ್ತಿ ಕೆಳಗಿಡದೆ ಕೇಳಿದಳು. ಉಗಿಯಲಿಲ್ಲ, ಬೈಯಲಿಲ್ಲ.

"ಹಾಗಾದರೆ ಆ ಹುಡುಗನದು ತಪ್ಪಿಲ್ಲವಾ?"

"ಇಲ್ಲ."

"ಬಂದು ಕಾಲಿಗೆ ಬಿದ್ದಿದ್ದ. ಉಗಿದು ಓಡಿಸಿದೆ." ಮುದುಕಿ ಸೌದೆಯ ತುಂಡನ್ನು ಪಕ್ಕಕ್ಕೆ ತಳ್ಳಿದಳು. "ನೀನು ಯಾಕೆ ಈಗ ಬಂದೆ? ಅವನೊಬ್ಬನನ್ನ ಶಪಿಸಿಕೊಂಡು ನನ್ನ ಪಾಡಿಗೆ ನಾನಿದ್ದೆ. ಈಗ ಅವನನ್ನೂ ಶಪಿಸೋ ಹಾಗಿಲ್ಲ. ನಿನ್ನ ಮನಸ್ಸು ಹಗುರ ಆಗಲಿ ಅಂತ ಬಂದೆಯಾ?"

ಮುದುಕಿ ಮತ್ತೊಂದು ತುಂಡು ಎಳೆದುಕೊಂಡು ಕತ್ತಿ ಬೀಸಿದಳು. ಚೂರೊಂದು ಹಾರಿ ಚಿನ್ನತಾಯಿಯ ಸೀರೆಗೆ ಬಡಿಯಿತು. ಮುದುಕಿ ನಾಲ್ಕು ತುಂಡು ಸೀಳಿ ಮುಗಿಸುವವರೆಗೂ ಅವಳು ನಿಂತಿದ್ದು, ಆಮೇಲೆ ಹೊರಟು ಬಂದಳು.

ಮಾರಪ್ಪನ್ ಕೈಗೆ ಸೀಮೆಎಣ್ಣೆ ಹಚ್ಚಿ ಗ್ರೀಸು ತೊಳೆಯುತ್ತಿದ್ದ. ಎಲ್ಲಿಗೆ ಹೋಗಿದ್ದೆ, ಸಿರುಮುಗೈಗೆ ಹೋಗಲಿಲ್ಲವಂತೆ, ಅಣ್ಣ ಹೇಳಿ ಕಳಿಸಿದ್ದ ಎಂದ. ಅವಳು ಎರಡು ಕಡೆಗೂ ಹೋದದ್ದನ್ನು ಹೇಳಿದಳು; ಏನು ಹೇಳಿದಳೆಂಬುದನ್ನೂ ಹೇಳಿದಳು. ಅವನ ಕೈ ಡಬ್ಬಿಯೊಳಗೇ ಉಳಿಯಿತು. ಮಯಿಲ್‌ಸಾಮಿ ಏನೆಂದ, ಆ ಮುದುಕಿ ಏನೆಂದಳು ಎಂದು ಅವನು ಕೇಳಬಹುದೆಂದು ಅವಳು ಕಾದಳು.

"ಅಲ್ಲಿ ನಿನ್ನನ್ನ ಯಾರಾದ್ರೂ ನೋಡಿದ್ರಾ?" ಎಂದು ಅವನು ಕೇಳಿದ.

"ಎಲ್ಲಾರೂ ನೋಡಿದ್ರು," ಎಂದು ಅವಳು ಒಳಗೆ ಹೋಗಿ ಒಲೆ ಹಚ್ಚಿದಳು.

ಮಾರಪ್ಪನ್ ಮೂರು ದಿನ ಶೆಡ್ಡು ತೆರೆಯದೆ ಪೊಲೀಸರಿಗಾಗಿ ಕಾದ. ಯಾರೂ ಬರಲಿಲ್ಲ. ಬಂದು ಕೇಳುವಷ್ಟು ಯಾರಿಗೂ ಅದು ಬೇಕಾಗಿರಲಿಲ್ಲ. ನಾಲ್ಕನೆಯ ದಿನ ಮುದಲಾಳಿಯ ಲಾರಿಯೊಂದು ಮುಂದಿನ ಚಕ್ರದಲ್ಲಿ ಎಣ್ಣೆ ಸೋರುತ್ತದೆಂದು ಬಂದು ನಿಂತಿತು. ಅವನು ಬಾಗಿಲು ತೆಗೆದು, ಪೆಟ್ಟಿಗೆ ಹೊರಗೆ ತಂದು, ಜಾಕಿ ಹಾಕಿದ. ಚಿನ್ನತಾಯಿ ಅವನಿಗೆ ಮಧ್ಯಾಹ್ನದ ಊಟ ಮುಚ್ಚಿಟ್ಟು, ಲಾರಿಯ ಪಕ್ಕದಿಂದ ದಾಟಿ, ಸಿರುಮುಗೈಯ ಬಸ್ಸಿಗೆ ನಡೆದಳು.